ಡ್ರೈ ಐಸ್ ಮಂಜು: ಅಳತೆ, ವಿಧಾನ, ಎಚ್ಚರ

ವೇದಿಕೆಯ ನೆಲದ ಮೇಲೆ ಮೊಣಕಾಲಿನ ಮಟ್ಟಕ್ಕೆ ಹರಿಯುವ ದಟ್ಟ ಬಿಳಿ ಮಂಜು ಬೇಕೆಂದರೆ ಡ್ರೈ ಐಸ್‌ಗೆ, ಅಂದರೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್‌ಗೆ, ಸಾಟಿಯಿಲ್ಲ. ಗ್ಲೈಕಾಲ್ ದ್ರವ ಕಾಯಿಸುವ ಫಾಗ್ ಮಷಿನ್‌ನ ಹೊಗೆ ಬೆಚ್ಚಗಿರುವುದರಿಂದ ಮೇಲಕ್ಕೇಳುತ್ತದೆ. ಡ್ರೈ ಐಸ್ ಮಂಜು ತಣ್ಣಗೆ, ಭಾರವಾಗಿರುವುದರಿಂದ ನೆಲ ಬಿಟ್ಟು ಏಳುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಆ ಬಿಳಿ ಬರೀ ನೀರಿನ ಸಣ್ಣ ಹನಿ. ಅದನ್ನು ಹೊತ್ತು ತರುವ ಕಾರ್ಬನ್ ಡೈಆಕ್ಸೈಡ್ ಕಾಣುವುದಿಲ್ಲ. ಮಂಜು ಕರಗಿತು ಎಂದರೆ ಅನಿಲ ಹೋಯಿತು ಎಂದಲ್ಲ. ಇಲ್ಲಿನ ಎಚ್ಚರಿಕೆಗಳಲ್ಲಿ ಅರ್ಧದಷ್ಟು ಈ ಒಂದು ಮಾತಿಗೆ ಸೇರಿದವು.

ಮೊದಲು ಕೋಣೆಯ ಲೆಕ್ಕ

ಒಂದು ಕೆ.ಜಿ. ಡ್ರೈ ಐಸ್ ಪೂರ್ತಿ ಆವಿಯಾದರೆ ಸುಮಾರು 540 ಲೀಟರ್ ಅನಿಲವಾಗುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಒಂದೇ ಕೆ.ಜಿ. ಬಳಸಿದರೂ, ಎಲ್ಲೆಡೆ ಸಮನಾಗಿ ಬೆರೆತಾಗ, ಗಾಳಿಯಲ್ಲಿ ಇದರ ಪಾಲು ಶೇ. 1.1 ಏರುತ್ತದೆ. ದಿನವಿಡೀ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಶೇ. 0.5, ಹದಿನೈದು ನಿಮಿಷದ ಮಿತಿ ಶೇ. 3. ಶೇ. 4 ದಾಟಿದರೆ ಜೀವಕ್ಕೇ ಅಪಾಯ.

ಅಸಲಿಗೆ ಸಮನಾಗಿ ಬೆರೆಯುವುದೇ ಇಲ್ಲ ಎನ್ನುವುದು ತೊಡಕು. ಅದೇ ಅನಿಲವೆಲ್ಲ ನೆಲದಿಂದ ಅರ್ಧ ಮೀಟರ್‌ವರೆಗಿನ ಪದರದಲ್ಲಿ ನಿಂತರೆ ಅಲ್ಲಿನ ಪ್ರಮಾಣ ಶೇ. 6 ದಾಟುತ್ತದೆ. ನಿಂತವರಿಗೆ ಏನೂ ಅನಿಸದು; ಮಲಗಿದ ಪಾತ್ರಧಾರಿಗೆ, ತೆವಳುವ ಮಗುವಿಗೆ, ನಾಯಿ ಬೆಕ್ಕುಗಳಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ದೃಶ್ಯದಲ್ಲಿ ಯಾರಾದರೂ ನೆಲದ ಮೇಲೆ ಮಲಗುವುದಿದ್ದರೆ, ವೇದಿಕೆಯ ಮುಂದೆ ತಗ್ಗಿನಲ್ಲಿ ವಾದ್ಯದವರು ಕೂರುವುದಿದ್ದರೆ, ಕೆಳಗೆ ನೆಲಮಾಳಿಗೆಗೆ ಬಾಗಿಲಿದ್ದರೆ ಡ್ರೈ ಐಸ್ ಬೇಡ. ಅತಿವೇಗದ ಕಂಪನದಿಂದ ನೀರನ್ನೇ ಸಣ್ಣ ಹನಿಗಳಾಗಿಸುವ ಅಲ್ಟ್ರಾಸಾನಿಕ್ ಮಂಜು ಅಂಥ ಕಡೆ ಸಾಕು. ಈಜುಕೊಳಕ್ಕಂತೂ ಸುರಿಯಲೇಬಾರದು: ಈಜುವವರ ಮೂಗು ಅನಿಲ ನಿಲ್ಲುವ ಪದರದಲ್ಲೇ ಇರುತ್ತದೆ. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಒಳಾಂಗಣ ಕೊಳದಲ್ಲಿ ಹೀಗೆ ಮಾಡಿ ಮೂವರು ಸತ್ತರು.

ಅಳೆಯುವುದಾದರೆ ಕಾರ್ಬನ್ ಡೈಆಕ್ಸೈಡ್ ಮೀಟರ್‌ನಿಂದಲೇ ಅಳೆಯಿರಿ, ಅದೂ ನೆಲದಿಂದ ಒಂದಡಿ ಎತ್ತರದಲ್ಲಿ. ಆಮ್ಲಜನಕದ ಮೀಟರ್ ಸಾಲದು. ಈ ಅನಿಲ ತಾನೇ ವಿಷವಾಗುವ ಮಟ್ಟಕ್ಕೆ ಏರಿದಾಗಲೂ ಆಮ್ಲಜನಕ ಒಂದು ಪಾಯಿಂಟ್ ಕೂಡ ಇಳಿದಿರದೆ ಇರಬಹುದು. ಮನೆಗೆಂದು ಮಾರುವ ಎಷ್ಟೋ ಮೀಟರ್‌ಗಳು 5,000 ಪಿಪಿಎಂಗೇ, ಅಂದರೆ ಶೇ. 0.5ಕ್ಕೇ, ನಿಂತುಬಿಡುತ್ತವೆ. ಕೊಳ್ಳುವ ಮುನ್ನ ಮಿತಿ ನೋಡಿ.

ತರುವುದು, ಇಡುವುದು

ಇದರ ತಾಪಮಾನ ಮೈನಸ್ 78.5 ಡಿಗ್ರಿ. ಐದು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೂ ದಿನಕ್ಕೆ ಎರಡರಿಂದ ಐದು ಕೆ.ಜಿ. ಸುಮ್ಮನೆ ಆವಿಯಾಗಿ ಹೋಗುತ್ತದೆ. ಹಾಗಾಗಿ ಪ್ರದರ್ಶನದ ದಿನವೇ ತನ್ನಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತನ್ನಿ. ಪೆಟ್ಟಿಗೆಯ ಮುಚ್ಚಳ ಸುಮ್ಮನೆ ಕೂತಿರಲಿ, ಟೇಪ್ ಸುತ್ತಬೇಡಿ. ಬಿಗಿ ಮುಚ್ಚಳದ ಡಬ್ಬ, ಥರ್ಮಾಸ್, ಬಾಟಲಿ ಯಾವುದಕ್ಕೆ ಹಾಕಿದರೂ ಒತ್ತಡ ಏರಿ ಸಿಡಿಯುತ್ತದೆ. ಫ್ರೀಜರ್‌ನಲ್ಲಿಟ್ಟರೆ ಉಳಿಯುತ್ತದೆ ಎಂದುಕೊಳ್ಳುವವರಿದ್ದಾರೆ; ಮನೆಯ ಫ್ರೀಜರ್ ಮೈನಸ್ 18, ಡ್ರೈ ಐಸ್‌ಗೆ ಅದು ಕುಲುಮೆ. ಕಾರಿನಲ್ಲಿ ತರುವಾಗ ಡಿಕ್ಕಿಯಲ್ಲಿಟ್ಟು ಕಿಟಕಿ ತೆರೆದಿಡಿ, ಒಳಗಾಳಿಯನ್ನೇ ಸುತ್ತಿಸುವ ಎಸಿ ಗುಂಡಿ ಒತ್ತಬೇಡಿ.

ಮುಟ್ಟಲು ಒಳಪದರವಿರುವ ದಪ್ಪ ಚರ್ಮದ ಕೈಗವಸು ಅಥವಾ ಉದ್ದ ಇಕ್ಕಳ ಬೇಕು. ತೆಳು ರಬ್ಬರ್ ಗ್ಲೌಸ್ ಪ್ರಯೋಜನವಿಲ್ಲ. ದೊಡ್ಡ ಗಟ್ಟಿ ಒಡೆಯಬೇಕಾದರೆ ಟವೆಲ್‌ನಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿಯಿರಿ; ಚೂರು ಹಾರುವುದರಿಂದ ಕನ್ನಡಕವೂ ಬೇಕು.

ಬಕೆಟ್ ವಿಧಾನ

ಸಣ್ಣ ದೃಶ್ಯಕ್ಕೆ, ಒಂದು ಫೋಟೋ ಶೂಟ್‌ಗೆ ಇಷ್ಟು ಸಾಕು. 20 ಲೀಟರ್‌ನ ಪ್ಲಾಸ್ಟಿಕ್ ಅಥವಾ ಲೋಹದ ಬಕೆಟ್ ತೆಗೆದುಕೊಳ್ಳಿ. ಗಾಜು, ಪಿಂಗಾಣಿ ಬಿರುಕು ಬಿಡುತ್ತವೆ. ಅದರಲ್ಲಿ 10 ಲೀಟರ್ ನೀರು, 55ರಿಂದ 60 ಡಿಗ್ರಿ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ನೀರು ಉಕ್ಕಿ ನೆಲಕ್ಕೆ ಬರುತ್ತದೆ. ಬಾಗಿಲು ಕಿಟಕಿ ತೆರೆದು, ಮಂಜು ಹರಿಯಬೇಕಾದ ಜಾಗಕ್ಕಿಂತ ಒಂದೆರಡು ಅಡಿ ಎತ್ತರದಲ್ಲಿ ಬಕೆಟ್ ಇಡಿ. ಮುಷ್ಟಿಗಿಂತ ಸಣ್ಣ ತುಂಡುಗಳನ್ನು, ಒಂದು ಸಲಕ್ಕೆ ಕಾಲು ಕೆ.ಜಿ.ಯಂತೆ, ಇಕ್ಕಳದಿಂದ ಮೆಲ್ಲಗೆ ಬಿಡಿ. ಎತ್ತರದಿಂದ ಎಸೆದರೆ ಬಿಸಿನೀರು ಮುಖಕ್ಕೆ ಸಿಡಿಯುತ್ತದೆ. ಬಕೆಟ್ ಮೇಲೆ ಬಗ್ಗಿ ನೋಡಬೇಡಿ.

ಮಂಜು ಐದಾರು ನಿಮಿಷಕ್ಕೇ ಸೊರಗುವುದು ಎಲ್ಲರೂ ಕಾಣುವ ತೊಂದರೆ. ಡ್ರೈ ಐಸ್ ಇನ್ನೂ ಇದ್ದರೂ ಹೀಗಾಗುತ್ತದೆ, ಏಕೆಂದರೆ ನೀರು ತಣ್ಣಗಾಗಿರುತ್ತದೆ. ಒಂದು ಕೆ.ಜಿ. ಡ್ರೈ ಐಸ್ 10 ಲೀಟರ್ ನೀರಿನ ಶಾಖವನ್ನು ಸುಮಾರು 14 ಡಿಗ್ರಿ ಇಳಿಸುತ್ತದೆ. 60ರಿಂದ ಶುರುವಾದದ್ದು ಎರಡು ಕೆ.ಜಿ. ಹೊತ್ತಿಗೆ 30ರ ಆಸುಪಾಸಿಗೆ ಬಂದಿರುತ್ತದೆ. ಆಮೇಲೆ ತುಂಡುಗಳ ಸುತ್ತ ನೀರೇ ಹೆಪ್ಪುಗಟ್ಟಿ ಕವಚವಾಗುತ್ತದೆ. ಎಷ್ಟು ಸುರಿದರೂ ಮಂಜು ಏಳದು, ಅನಿಲ ಮಾತ್ರ ನಿಧಾನಕ್ಕೆ ಸೋರುತ್ತಲೇ ಇರುತ್ತದೆ. ಪರಿಹಾರ ಇನ್ನಷ್ಟು ಡ್ರೈ ಐಸ್ ಅಲ್ಲ, ಹೊಸ ಬಿಸಿನೀರು. ಎರಡು ಬಕೆಟ್ ಸಿದ್ಧವಿಟ್ಟು ಬದಲಿಸುತ್ತಾ ಹೋಗುವುದೇ ಸುಲಭ.

ಡ್ರಮ್ ವಿಧಾನ

ಪೂರ್ತಿ ವೇದಿಕೆ ತುಂಬಬೇಕಾದರೆ ಹೀಟರ್ ಇರುವ ಡ್ರಮ್, ತೂತುಗಳ ಬುಟ್ಟಿ, ಬುಟ್ಟಿಯನ್ನು ಹೊರಗಿನಿಂದಲೇ ಇಳಿಸಿ ಎತ್ತುವ ಕೋಲು, ಸುಮಾರು 100 ಮಿ.ಮೀ. ಅಗಲದ ಹೋಸ್, ಇಷ್ಟಿರುವ ಯಂತ್ರ ಬೇಕು. ಕೋಲಿನ ಉಪಯೋಗ ಏನೆಂದರೆ, ಬುಟ್ಟಿಯನ್ನು ಅರ್ಧ ಮುಳುಗಿಸಿದರೆ ಮಂಜು ತೆಳು, ಪೂರ್ತಿ ಮುಳುಗಿಸಿದರೆ ದಟ್ಟ, ಎತ್ತಿದರೆ ನಿಲ್ಲುತ್ತದೆ. 40 ಲೀಟರ್ ನೀರನ್ನು 25ರಿಂದ 80 ಡಿಗ್ರಿಗೆ ತರಲು 3 ಕಿಲೋವಾಟ್ ಹೀಟರ್‌ಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ. ದೃಶ್ಯಕ್ಕೆ ಹತ್ತು ನಿಮಿಷವಿರುವಾಗ ನೆನಪಾದರೆ ಕೆಲಸ ಕೆಟ್ಟಿತು. ಹೀಟರ್ ಸದಾ ಮುಳುಗಿರಬೇಕು, ಅರ್ಥಿಂಗ್ ಸರಿಯಿರಬೇಕು, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಬ್ರೇಕರ್ ಇರಬೇಕು. ಬುಟ್ಟಿ ತುಂಬುವಾಗ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ.

ಹೋಸ್ ಎಲ್ಲೂ ಜೋತು ಬೀಳದಂತೆ ಎಳೆಯಿರಿ. ತಗ್ಗಿರುವ ಕಡೆ ನೀರು ಕಟ್ಟಿ ದಾರಿ ಮುಚ್ಚಿ, ಮಂಜು ಡ್ರಮ್‌ನ ಮುಚ್ಚಳದ ಸಂದಿಯಿಂದ ಹೊರಬರುತ್ತದೆ. ಮಂಜು ಮೇಲಕ್ಕೆ ಏಳುತ್ತಿದ್ದರೆ ಎರಡು ಕಾರಣ ಇರಬಹುದು: ನೀರು ಕುದಿಯುವ ಮಟ್ಟಕ್ಕೆ ಹತ್ತಿರವಾಗಿ ಹಬೆಯೇ ಹೆಚ್ಚಾಗಿದೆ, ಇಲ್ಲವೇ ಫ್ಯಾನ್ ಅಥವಾ ಎಸಿ ಗಾಳಿ ಕೆಣಕುತ್ತಿದೆ. ದೃಶ್ಯ ನಡೆಯುವಷ್ಟು ಹೊತ್ತು ವೇದಿಕೆಯ ಫ್ಯಾನ್ ನಿಲ್ಲಿಸಬಹುದು, ಆದರೆ ಮುಗಿದ ಕೂಡಲೇ ನೆಲಮಟ್ಟದ ಗಾಳಿಯನ್ನು ಹೊರಗೆ ತಳ್ಳುವಂತೆ ಫ್ಯಾನ್ ಹಾಕಬೇಕು. ಬಿಳಿ ಕಾಣದಿದ್ದರೂ ಹಾಕಬೇಕು. ಮಂಜು ವೇದಿಕೆಯ ಅಂಚಿನಿಂದ ಸುರಿದು ಮುಂದಿನ ಸಾಲಿನ ಮಕ್ಕಳ ಮೇಲೆ ಹೋಗುತ್ತಿದೆಯೇ ಎಂದು ರಿಹರ್ಸಲ್‌ನಲ್ಲೇ ನೋಡಿಕೊಳ್ಳಿ.

ನೆಲ ಒದ್ದೆಯಾಗಿ ಜಾರುತ್ತದೆ, ನೃತ್ಯವಿದ್ದರೆ ಹೆಚ್ಚು ಅಪಾಯ. ದೃಶ್ಯಗಳ ನಡುವೆ ಒರೆಸಲು ಒಬ್ಬರಿರಲಿ.

ಏನಾದರೂ ಆದರೆ

ತಲೆನೋವು, ಏದುಸಿರು, ತಲೆ ಸುತ್ತು, ಮಂಪರು ಕಂಡರೆ ಕಾರಣ ಹುಡುಕುತ್ತಾ ಕೂರಬೇಡಿ, ಹೊರಗಾಳಿಗೆ ಕರೆದೊಯ್ಯಿರಿ. ತಗ್ಗಿನಲ್ಲಿ ಯಾರಾದರೂ ಕುಸಿದಿದ್ದರೆ ಹಿಂದೆಮುಂದೆ ನೋಡದೆ ಇಳಿಯಬೇಡಿ, ಇಳಿದವರೂ ಅಲ್ಲೇ ಬೀಳುತ್ತಾರೆ. ಮೊದಲು ಗಾಳಿ ಹಾಯಿಸಿ, ತುರ್ತು ಸೇವೆಗೆ ಕರೆ ಮಾಡಿ. ಚರ್ಮಕ್ಕೆ ತಗುಲಿ ಬಿಳಿಚಿಕೊಂಡರೆ ಉಗುರುಬೆಚ್ಚನೆ ನೀರಿನಲ್ಲಿಡಿ, ಉಜ್ಜಬೇಡಿ, ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ಕುಡಿಯುವ ಲೋಟಕ್ಕೆ ಡ್ರೈ ಐಸ್ ಹಾಕುವ ಪ್ರಶ್ನೆಯೇ ಇಲ್ಲ; ನುಂಗಿದ ಒಂದು ಚೂರು ಕರುಳನ್ನು ಸುಡುತ್ತದೆ.

ಉಳಿದದ್ದನ್ನು ಸಿಂಕ್‌ಗೆ, ಟಾಯ್ಲೆಟ್‌ಗೆ ಹಾಕಬೇಡಿ, ಪೈಪ್ ಒಡೆಯುತ್ತದೆ. ಮುಚ್ಚಳ ತೆಗೆದ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದ ಬಯಲಿನಲ್ಲಿಡಿ, ಒಂದೆರಡು ದಿನದಲ್ಲಿ ತಾನಾಗಿ ಮುಗಿಯುತ್ತದೆ. ಬಕೆಟ್ ನೀರನ್ನು ಚೆಲ್ಲುವುದಾದರೆ ತಳದಲ್ಲಿ ಗುಳ್ಳೆ ಏಳುವುದು ಪೂರ್ತಿ ನಿಂತಿದೆಯೇ ಎಂದು ನೋಡಿಯೇ ಚೆಲ್ಲಿ.