ಮುಂದಿನ ಚಾರಣದವರೆಗೆ ಸ್ಲೀಪಿಂಗ್ ಬ್ಯಾಗ್ ಎಲ್ಲಿಡಬೇಕು, ಹೇಗಿಡಬೇಕು?

ಕುಮಾರ ಪರ್ವತ ಹತ್ತಿಳಿದು ಮನೆಗೆ ಬಂದಾಗ ಮೈಕೈ ನೋವು. ಸಾಮಾನು ಬಿಚ್ಚಲು ಮನಸ್ಸೇ ಬರುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ತನ್ನ ಪುಟ್ಟ ಚೀಲದಲ್ಲೇ ಸಜ್ಜದ ಮೇಲೆ ಸೇರುತ್ತದೆ. ನಾನೂ ಒಮ್ಮೆ ಹಾಗೇ ಇಟ್ಟಿದ್ದೆ. ಮಳೆಗಾಲ ಕಳೆದು ದಸರಾ ರಜೆಯಲ್ಲಿ ತೆಗೆದರೆ ಮುಗ್ಗುಲು ವಾಸನೆ, ಕಾಲಿನ ಕಡೆ ಬೂಷ್ಟಿನ ಕಪ್ಪು ಚುಕ್ಕೆಗಳು. ಆ ಸಲ ಬೆಟ್ಟದ ಮೇಲೆ ಇಡೀ ರಾತ್ರಿ ನಡುಗಿದೆ.

ನಮ್ಮನ್ನು ಬೆಚ್ಚಗಿಡುವುದು ಒಳಗಿನ ಎಳೆಗಳ ನಡುವೆ ನಿಂತ ಗಾಳಿ. ತಿಂಗಳುಗಟ್ಟಲೆ ಅಮುಕಿಟ್ಟರೆ ಎಳೆ ಚಪ್ಪಟೆಯಾಗಿ ಗಾಳಿಗೆ ಜಾಗವೇ ಇರುವುದಿಲ್ಲ. ಪಾಲಿಯೆಸ್ಟರ್ ತುಂಬಿದ್ದು ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದು ಕಷ್ಟ. ಬಾತುಕೋಳಿಯ ತುಪ್ಪಳ ತುಂಬಿದ ಡೌನ್ ಬ್ಯಾಗ್ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ತೇವ ತಾಗಿದರೆ ಗಂಟು ಕಟ್ಟುತ್ತದೆ.

ಹಾಗಾಗಿ ಮನೆಗೆ ಬಂದ ದಿನವೇ ಚೀಲದಿಂದ ಹೊರತೆಗೆಯಿರಿ. ಝಿಪ್ ಪೂರ್ತಿ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಫ್ಯಾನಿನ ಕೆಳಗೆ ಹರಡಿ. ಮುಟ್ಟಿದರೆ ಒಣಗಿದಂತೆ ಅನಿಸಬಹುದು. ಆದರೂ ರಾತ್ರಿಯ ಬೆವರು, ಉಸಿರು, ಇಬ್ಬನಿ ಎಲ್ಲಾ ಒಳಗೆ ಇಳಿದಿರುತ್ತದೆ. ಒಂದು ಇಡೀ ದಿನ ಬಿಡಿ. ಮಧ್ಯೆ ಒಮ್ಮೆ ಮಗುಚಿ. ಮೂಲೆಯಲ್ಲಿ ಚಿಕ್ಕಿಯ ಚೂರು ಉಳಿದಿದ್ದರೆ ಕೊಡವಿಬಿಡಿ, ಇಲಿ ಇರುವೆಗೆ ಅಷ್ಟೇ ಸಾಕು. ಸುಡುಬಿಸಿಲು ಬೇಡ, ನೈಲಾನ್ ಬಟ್ಟೆ ಬೇಗ ಲಡ್ಡಾಗುತ್ತದೆ. ನೆರಳು, ಗಾಳಿ ಇದ್ದರೆ ಸಾಕು.

ಪ್ರತಿ ಸಲ ತೊಳೆಯುವ ಅಗತ್ಯವಿಲ್ಲ. ಒಳಗೆ ತೆಳು ಹತ್ತಿ ಬೆಡ್‌ಶೀಟ್ ಹಾಸಿಕೊಂಡು ಮಲಗಿದರೆ ಕೊಳೆಯೂ ಕಡಿಮೆ. ತೊಳೆಯಲೇಬೇಕಾದರೆ ಟಬ್ಬಿನಲ್ಲಿ ಮೃದು ಸೋಪಿನ ನೀರು ಸಾಕು. ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಎತ್ತುವಾಗ ಎರಡೂ ಕೈಯಿಂದ ಇಡಿಯಾಗಿ ಎತ್ತಿ. ಒಂದು ತುದಿ ಹಿಡಿದೆಳೆದರೆ ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಹರಿಯುತ್ತದೆ. ಡೌನ್ ಒಣಗಲು ಎರಡು ಮೂರು ದಿನವೂ ಬೇಕಾದೀತು. ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಾ ಇರಿ.

ಇಡುವ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಹಳೆ ಹತ್ತಿ ಸೀರೆಯಿಂದ ಅಥವಾ ಬೆಡ್‌ಶೀಟಿನಿಂದ ದೊಡ್ಡ ಚೀಲ ಹೊಲಿಸಿ, ಅದರಲ್ಲಿ ಸಡಿಲವಾಗಿ ತುಂಬಿ. ಬೀರುವಿನಲ್ಲಿ ಜಾಗ ಇಲ್ವಾ? ಹ್ಯಾಂಗರಿಗೆ ತೂಗುಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಉಳಿದ ತೇವ ಒಳಗೇ ಕೂರುತ್ತದೆ. ನುಸಿ ಗುಳಿಗೆ ದಯವಿಟ್ಟು ಬೇಡ. ಆ ವಾಸನೆ ಸುಲಭಕ್ಕೆ ಬಿಡುವುದಿಲ್ಲ, ಇಡೀ ರಾತ್ರಿ ಅದನ್ನೇ ಮೂಸುತ್ತಾ ಮಲಗಬೇಕಾಗುತ್ತದೆ. ಸಿಮೆಂಟ್ ನೆಲ, ಹೊರಗೋಡೆಗೆ ತಾಗಿದ ಮೂಲೆಯೂ ಬೇಡ.

ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನಷ್ಟು ಜಾಗ್ರತೆ ವಹಿಸಬೇಕು. ಮಳೆ ಬಿಡುವು ಕೊಟ್ಟ ದಿನ ಹೊರತೆಗೆದು ಎರಡು ಗಂಟೆ ಗಾಳಿಗೆ ಹಾಕಿ. ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಜಾಸ್ತಿ ಪ್ರಯೋಜನವಿಲ್ಲ. ಸುತ್ತಲಿನ ತೇವ ಕುಡಿದು ಬೇಗ ಸೋಲುತ್ತದೆ.

ಕಾರಿನಲ್ಲಿ ಹೋಗುವವರು ಕೌದಿ ಒಯ್ಯುವುದುಂಟು. ಅಜ್ಜಿಯ ಹಳೆ ಸೀರೆಗಳ ಆ ಹೊದಿಕೆ ಹತ್ತಿಯದ್ದಾದರೆ ಬಿಸಿಲಿಗೆ ಚೆನ್ನಾಗಿ ಕಾಯಿಸಬಹುದು, ಮಡಚಿಯೂ ಇಡಬಹುದು. ಆಗಾಗ ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಬಟ್ಟೆ ಸವೆಯುತ್ತದೆ.

ಮತ್ತೆ ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಸ್ಲೀಪಿಂಗ್ ಬ್ಯಾಗ್ ಹರಡಿ, ಕೊಡವಿ, ಝಿಪ್ ಎಳೆದು ನೋಡಿ. ಪುಟ್ಟ ಚೀಲಕ್ಕೆ ಹೊರಡುವ ಬೆಳಿಗ್ಗೆ ತುಂಬಿದರೆ ಸಾಕು.