16,000 ಟನ್ನಿನಲ್ಲಿ 21 ನಾಟ್: ನನ್ನ ಅನುಭವ

ತಲಾ ಎರಡು ಫಿರಂಗಿಯ ನಾಲ್ಕು ಟರೆಟ್‌ಗಳೂ (ತಿರುಗುವ ಫಿರಂಗಿ ಗೋಪುರಗಳು) ನಡುಗೆರೆಯ ಮೇಲೆ, ಸೂಪರ್‌ಫೈರಿಂಗ್ ಜೋಡಣೆಯಲ್ಲಿ (ಒಂದು ಟರೆಟ್ ಇನ್ನೊಂದರ ತಲೆಯ ಮೇಲಿಂದ ಗುಂಡು ಹಾರಿಸುವಂತೆ), 305 ಮಿ.ಮೀ. ಫಿರಂಗಿ ಎಂಟು, ವೇಗ 21 ನಾಟ್ (ಗಂಟೆಗೆ ಸುಮಾರು 39 ಕಿ.ಮೀ.), ತೂಕ 16,000 ಟನ್ನಿನ ಆಸುಪಾಸು, ಕಟ್ಟಲು ಆರಂಭಿಸಿದ ವರ್ಷ 1909: ಇಂಥದೊಂದು ಕಾಲ್ಪನಿಕ ಯುದ್ಧನೌಕೆಯನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಲು ಹೊರಟಿದ್ದೆ. ಇದು ಆಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹತ್ತು ವರ್ಷಗಳಿಂದ ಸ್ಪ್ರಿಂಗ್‌ಶಾರ್ಪ್‌ನಲ್ಲಿ (ಹಡಗು ವಿನ್ಯಾಸದ ತಂತ್ರಾಂಶ) ಹಡಗು ಕಟ್ಟುತ್ತಿರುವ ಗೆಳೆಯರೊಬ್ಬರು, "ಒಂದೋ ಅದು ಮಗುಚುತ್ತದೆ, ಇಲ್ಲವೇ 19 ನಾಟ್ ದಾಟುವುದಿಲ್ಲ" ಎಂದು ಖಂಡತುಂಡವಾಗಿ ಹೇಳಿದ್ದರು. ಈಗ ಆಗಿದೆ.

ಆಧಾರಕ್ಕೆ ತೆಗೆದುಕೊಂಡದ್ದು ಸ್ಪೇನಿನ ಎಸ್ಪಾನ್ಯಾ. ಒಂದೇ ಅಳತೆಯ ದೊಡ್ಡ ಫಿರಂಗಿಗಳೇ ತುಂಬಿದ, ಬ್ರಿಟನ್ನಿನ ಡ್ರೆಡ್‌ನಾಟ್ ಹಡಗಿನಿಂದ ಹೆಸರು ಪಡೆದ ಬಗೆಯ ಯುದ್ಧನೌಕೆಗಳಲ್ಲಿ ಲೋಕದಲ್ಲೇ ಅತಿ ಚಿಕ್ಕ ವರ್ಗ ಅದು: 15,700 ಟನ್, 140 ಮೀಟರ್ ಉದ್ದ, 15,500 ಅಶ್ವಶಕ್ತಿ, 19.5 ನಾಟ್, 203 ಮಿ.ಮೀ. ಬೆಲ್ಟ್ (ಹಡಗಿನ ಬದಿಯ ಉಕ್ಕಿನ ಕವಚ). ಖಜಾನೆಯಲ್ಲಿ ಹಣವಿರಲಿಲ್ಲ, ಡಾಕ್‌ಗಳು ಚಿಕ್ಕವು. ಎಂಟು ಫಿರಂಗಿಗಳೂ ಒಂದೇ ಬದಿಗೆ ತಿರುಗುತ್ತವೆ ಎನ್ನುವುದು ನಿಜ. ಆದರೆ ಎರಡು ಟರೆಟ್‌ಗಳು ಪಕ್ಕದಲ್ಲಿ ಓರೆಯಾಗಿ ನಿಂತಿರುವುದರಿಂದ ಎದುರು ಬದಿಗೆ ಡೆಕ್ಕಿನ ಅಡ್ಡಲಾಗಿಯೇ ಗುಂಡು ಹಾರಿಸಬೇಕು. ಅದೇ ಹಣದಲ್ಲಿ, ಅದೇ ವರ್ಷದಲ್ಲಿ, ಅದೇ ಫೆರೋಲ್ ಬಂದರಿನಲ್ಲಿ ಇದಕ್ಕಿಂತ ಒಳ್ಳೆಯ ಹಡಗು ಸಾಧ್ಯವಿತ್ತೇ ಎನ್ನುವುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಮೊದಲ ಪ್ರಯತ್ನದಲ್ಲಿ ಎಲ್ಲರಂತೆ ಫಿರಂಗಿಯಿಂದಲೇ ಆರಂಭಿಸಿದೆ. ಎಂಟು ಫಿರಂಗಿ, ಆಮೇಲೆ ಬ್ರಿಟನ್ನಿನ ಆ ಡ್ರೆಡ್‌ನಾಟ್ ಹಡಗಿನ ಹಾಗೆ 280 ಮಿ.ಮೀ. ಬೆಲ್ಟ್, ಆಮೇಲೆ 21 ನಾಟ್. ಒಡಲಿನ ಬಲ 0.83ರ ಹತ್ತಿರ, ಸ್ಥಿರತೆ 0.9ರ ಆಸುಪಾಸು (ಎರಡೂ ಕನಿಷ್ಠ 1.00 ಇರಬೇಕು), ಖರ್ಚು 16 ಲಕ್ಷ ಪೌಂಡ್ ದಾಟಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಬಲ ಕಡಿಮೆ ಬಂತೆಂದು ತೂಕವನ್ನು 17,500ಕ್ಕೆ ಏರಿಸಿದೆ. ಬಲ ಸರಿಹೋಯಿತು, ಆದರೆ ಖರ್ಚು ಇನ್ನೂ ಮೇಲೇರಿತು. ಆ ಹಣಕ್ಕೆ ಮೂರು ಹಡಗುಗಳ ಯೋಜನೆ ಎರಡಕ್ಕೆ ಇಳಿಯುತ್ತಿತ್ತು. ಎರಡನೆಯ, ಮೂರನೆಯ ಪ್ರಯತ್ನಗಳಲ್ಲಿ ಇಂಜಿನ್ ವರ್ಷವನ್ನು ಮುಂದೂಡಿ ತೂಕ ಉಳಿಸಲು ಹೋದೆ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. 1909ರ ಹಡಗಿಗೆ 1914ರ ಇಂಜಿನ್ ಕೂರಿಸಿ ಗೆದ್ದರೆ ಅದು ಗೆಲುವಲ್ಲ. ಆ ಕಡತಗಳನ್ನು ಅಳಿಸಿಹಾಕಿದೆ.

ಆರನೆಯ ಪ್ರಯತ್ನದ ಹೊತ್ತಿಗೆ ಕಣ್ಣು ತೆರೆಯಿತು. ಈ ತಂತ್ರಾಂಶದಲ್ಲಿ ಒಡಲಿಗೆ ನಾವು ತೂಕ ಕೊಡುವುದಿಲ್ಲ. ಫಿರಂಗಿ, ಕವಚ, ಯಂತ್ರ, ಇಂಧನ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದಷ್ಟೇ ಒಡಲಿನ ಪಾಲು. ಹಾಗಾಗಿ ನಾನು ಕ್ರಮವನ್ನೇ ತಿರುಗಿಸಿದೆ. ಫಿರಂಗಿ, ಕವಚಗಳನ್ನು ಪೂರ್ತಿ ಖಾಲಿ ಬಿಟ್ಟು, ಅವುಗಳ ಬದಲು ಇತರೆ ತೂಕದ ಅಂಕಣದಲ್ಲಿ ಸುಮಾರು 7,300 ಟನ್ ಇಟ್ಟೆ. ಬರಿಯ ಒಡಲು, ಬರಿಯ ಇಂಜಿನ್. ಒಡಲಿಗೆ ನೂರಕ್ಕೆ 36 ಪಾಲು ಖಾತ್ರಿಯಾಗುವವರೆಗೆ ಅಳತೆಗಳನ್ನು ತಿದ್ದಿದೆ. ಆಮೇಲೆ ಆ 7,300 ಟನ್ನನ್ನು ಒಂದೊಂದಾಗಿ ಒಡೆದು ಟರೆಟ್‌ಗೆ, ಬಾರ್ಬೆಟ್‌ಗೆ (ಟರೆಟ್ ಕೂರುವ ಕವಚದ ಕೊಳವೆ), ಬೆಲ್ಟ್‌ಗೆ ಹಂಚಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಮೊದಲು ಹಾಸಿಗೆಯನ್ನು ಅಳೆದೆ.

ಅಳತೆಯಲ್ಲಿ ದೊಡ್ಡ ತೀರ್ಮಾನವೆಂದರೆ ಉದ್ದ. ಅಮೆರಿಕದ ಸೌತ್ ಕ್ಯಾರೋಲಿನಾ ಇದೇ ಟರೆಟ್ ಜೋಡಣೆಯನ್ನು 16,000 ಟನ್ನಿನಲ್ಲಿ ಮಾಡಿ ತೋರಿಸಿತ್ತು, ಆದರೆ 18.5 ನಾಟ್‌ಗೆ ನಿಂತಿತು. ಅದರ ಒಡಲು ಗಿಡ್ಡ, ಇಂಜಿನ್ ಹಳೆಯ ಪಿಸ್ಟನ್ ಬಗೆಯದು. ನನ್ನನ್ನು ಅನುಮಾನಿಸಿದವರೆಲ್ಲ ಈ ಹಡಗನ್ನೇ ತೋರಿಸುತ್ತಿದ್ದರು. ಅದರ ಉದ್ದವನ್ನು ಮಾತ್ರ ಯಾರೂ ನೋಡಲಿಲ್ಲ. ನಾನು ಒಡಲನ್ನು 149 ಮೀಟರಿಗೆ ಎಳೆದು, ಅಗಲ 24.2, ಆಳ 7.9 ಇಟ್ಟು, ಬ್ಲಾಕ್ ಕೋಎಫಿಶಿಯೆಂಟನ್ನು (ಒಡಲು ಎಷ್ಟು ತುಂಬಿಕೊಂಡಿದೆ ಎನ್ನುವ ಅಂಕಿ) 0.56ರ ಸುತ್ತ ನಿಲ್ಲಿಸಿದೆ. 140 ಮೀಟರಿನ ಒಡಲಿಗೆ 21 ನಾಟ್ ಬೇಕೆಂದರೆ ತಂತ್ರಾಂಶ ಹೆಚ್ಚುಕಡಿಮೆ 25,000 ಅಶ್ವಶಕ್ತಿ ಕೇಳುತ್ತಿತ್ತು. ಉದ್ದ ಮಾಡಿದ ಮೇಲೆ 22,000ಕ್ಕೆ ಇಳಿಯಿತು. ಯಂತ್ರದಲ್ಲಿ ಉಳಿತಾಯವಾದ ತೂಕ ಹೆಚ್ಚುವರಿ ಒಡಲಿನ ಬಾಬ್ತನ್ನು ಬಹುಪಾಲು ತೀರಿಸಿತು. ಡಾಕ್ ಸಾಲದು ಎನ್ನುವ ಆಕ್ಷೇಪ ಬರುತ್ತದೆಂದು ಗೊತ್ತಿತ್ತು. ಡಾಕ್ ಉದ್ದ ಮಾಡುವ ಖರ್ಚೆಂದು ಒಂದೂವರೆ ಲಕ್ಷ ಪೌಂಡನ್ನು ನಾನೇ ಬದಿಗಿಟ್ಟು, ಮೂರು ಹಡಗುಗಳ ಲೆಕ್ಕಕ್ಕೆ ಹಂಚಿದ್ದೇನೆ.

ಬೆಲ್ಟಿನಲ್ಲಿ ಬಹಳ ಒದ್ದಾಡಿದೆ. 90 ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಎತ್ತರ, ಎರಡೂ ಬದಿ: ಕಾಗದದ ಮೇಲೆ ಗುಣಿಸಿ ನೋಡಿದರೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಆರು ಟನ್ನಿಗೂ ಹೆಚ್ಚು. 280ರಿಂದ 203ಕ್ಕೆ ಇಳಿಸಿದಾಗ ಸುಮಾರು 500 ಟನ್ ಒಮ್ಮೆಲೇ ಕೈಗೆ ಬಂತು. ತೆಳುವಾಯಿತು, ನಿಜ. ಎಸ್ಪಾನ್ಯಾಗೆ ಸಾಕಾದದ್ದು ನನಗೂ ಸಾಕು ಎಂದುಕೊಂಡೆ.

ತಲೆಭಾರದ ಸಮಸ್ಯೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಎತ್ತರದ ಎರಡು ಬಾರ್ಬೆಟ್‌ಗಳು ಸ್ಥಿರತೆಯನ್ನು ತಿಂದುಹಾಕುತ್ತಿದ್ದವು. ಚಿಕ್ಕ ಫಿರಂಗಿಗಳನ್ನು 20ರಿಂದ 14ಕ್ಕೆ ಇಳಿಸಿದೆ, ಮೇಲಿನ ಬೆಲ್ಟನ್ನು ತೆಗೆದೆ, ಹಿಂಭಾಗದ ಫ್ರೀಬೋರ್ಡನ್ನು (ನೀರಿನ ಮೇಲಿನ ಒಡಲಿನ ಎತ್ತರ) ಒಂದು ಡೆಕ್ ಕೆಳಗೆ ಇಳಿಸಿದೆ. ಇಷ್ಟಾದರೂ ಸ್ಥಿರತೆ 1.00ರ ಸುತ್ತಲೇ ತೂಗಾಡುತ್ತಿತ್ತು. ಕೊನೆಗೆ ಟ್ರಿಮ್ ಅಂಕಿಯನ್ನೂ (ಸ್ಥಿರತೆ ಮುಖ್ಯವೋ, ಹೊಯ್ದಾಡದೆ ನಿಲ್ಲುವುದು ಮುಖ್ಯವೋ ಎಂದು ತಂತ್ರಾಂಶಕ್ಕೆ ಹೇಳುವ ಅಂಕಿ) ಮುಂಭಾಗದ ಫ್ರೀಬೋರ್ಡಿನ ಇಳಿಜಾರನ್ನೂ ಒಟ್ಟಿಗೆ ತಿದ್ದಿದಾಗ 1.08ಕ್ಕೆ ಹತ್ತಿತು. ಆ ಎರಡು ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ತಿಂಗಳ ರಾತ್ರಿಗಳು ಅದರಲ್ಲಿವೆ, ಹುಡುಕುವವರು ಹುಡುಕಿಕೊಳ್ಳಲಿ. ಮೆಟಾಸೆಂಟ್ರಿಕ್ ಎತ್ತರ (ವಾಲಿದ ಹಡಗು ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಎನ್ನುವುದರ ಅಳತೆ) 1.3 ಮೀಟರ್, ಹೊಯ್ದಾಟದ ಅವಧಿ ಸುಮಾರು 16 ಸೆಕೆಂಡ್. ನಿಧಾನವಾಗಿ ತೂಗುವ, ಗುರಿ ಇಡಲು ಹೇಳಿಮಾಡಿಸಿದ ಹಡಗು.

ನಡುವೆ ಎರಡು ವಾರ ದಾರಿ ತಪ್ಪಿದ್ದೂ ಉಂಟು. ಇಟಲಿಯವರು ಅದೇ 1909ರಲ್ಲಿ ದಾಂತೆ ಅಲಿಗಿಯೇರಿಯನ್ನು ತ್ರಿವಳಿ ಟರೆಟ್‌ಗಳೊಡನೆ ಕಟ್ಟಲು ಆರಂಭಿಸಿದ್ದರಲ್ಲ, ನಾನೂ ಮೂರು ತ್ರಿವಳಿ ಟರೆಟ್ ಇಟ್ಟು ನೋಡಿದೆ. ಒಂಬತ್ತು ಫಿರಂಗಿ, ಬಾರ್ಬೆಟ್ ಒಂದು ಕಡಿಮೆ, ತೂಕ ಹೆಚ್ಚುಕಡಿಮೆ ಅಷ್ಟೇ. ಅಂಕಿಗಳು ಬಾಯಲ್ಲಿ ನೀರೂರಿಸುವಂತಿದ್ದವು. ಆದರೆ ಸ್ಪೇನಿಗೆ ಹಡಗು ಕಟ್ಟಿಕೊಟ್ಟದ್ದು ಬ್ರಿಟಿಷ್ ಪಾಲುದಾರಿಕೆ. ಬ್ರಿಟಿಷ್ ನೌಕಾಪಡೆ ಆಗ ಜೋಡಿ ಟರೆಟ್‌ಗಳನ್ನೇ ನೆಚ್ಚಿತ್ತು. ಆ ಕಡತವನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ. ಪೂರ್ತಿ ತೈಲದಲ್ಲೂ ಓಡಿಸಿ ನೋಡಿದೆ. ದೂರ ಚೆನ್ನಾಗಿ ಹೆಚ್ಚಿತು, ಆದರೆ ಬ್ರಿಟನ್ನೇ ದೊಡ್ಡ ಯುದ್ಧನೌಕೆಗಳಲ್ಲಿ ತೈಲಕ್ಕೆ ಪೂರ್ತಿ ಒಪ್ಪಿದ್ದು ಕ್ವೀನ್ ಎಲಿಜಬೆತ್ ವರ್ಗದಲ್ಲಿ, 1912ರಲ್ಲಿ. ಕಲ್ಲಿದ್ದಲಿಗೇ ಮರಳಿದೆ.

ಒಂದು ಮಾತು ಹೇಳಲೇಬೇಕು: ಟರೆಟ್ ಡೆಕ್ಕಿನ ಮೇಲೆ ಹಿಡಿಸುತ್ತದೆಯೇ ಎಂದು ತಂತ್ರಾಂಶ ನೋಡುವುದಿಲ್ಲ. ನಾನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದೆ. ಮೊದಲ ನಕ್ಷೆಯಲ್ಲಿ ಹಿಂದಿನ ಚಿಮಣಿ ಮೂರನೆಯ ಟರೆಟ್‌ನ ಬೆನ್ನಿಗೇ ಅಂಟಿಕೊಂಡು, ಬಾಯ್ಲರ್ ಕೋಣೆ ಮದ್ದಿನ ಕೋಣೆಯೊಳಗೆ ನುಗ್ಗಿತ್ತು. ಎರಡೂ ಚಿಮಣಿಗಳನ್ನು ಮುಂದಕ್ಕೆ ಒತ್ತಿ, ಟರ್ಬೈನ್ ಕೋಣೆಯನ್ನು ಹಿಂದಕ್ಕೆ ಸರಿಸಿದಾಗ ನಾಲ್ಕು ಮೀಟರ್ ಜಾಗ ಸಿಕ್ಕಿತು.

ಅಂತಿಮ ಲೆಕ್ಕ: 16,200 ಟನ್, ಬಲ 1.00, ವೇಗ 21, ಖರ್ಚು 14 ಲಕ್ಷ ಪೌಂಡಿನಿಂದ ಸ್ವಲ್ಪ ಮೇಲೆ, ಡಾಕ್ ಪಾಲು ಬೇರೆ. ಡ್ರೆಡ್‌ನಾಟ್‌ಗೆ ತಗುಲಿದ್ದು ಸುಮಾರು 17.8 ಲಕ್ಷ, ಒಂದೇ ಬದಿಗೆ ತಿರುಗುತ್ತಿದ್ದ ಫಿರಂಗಿಗಳು ಅದರಲ್ಲೂ ಎಂಟೇ. ಕಡತವನ್ನು ಆ ಗೆಳೆಯರಿಗೆ ಕಳಿಸಿದೆ. ಅವರು ಬೆಲ್ಟಿಗೆ 25 ಮಿ.ಮೀ. ಸೇರಿಸಿ ನೋಡಿದರಂತೆ, ಬಲ 0.97ಕ್ಕೆ ಕುಸಿಯಿತು. ತೆಗೆದು ಮೊದಲಿದ್ದಂತೆ ಇಟ್ಟು ವಾಪಸು ಕಳಿಸಿದರು. ಜೊತೆಗೆ ಒಂದೇ ಸಾಲು: "ಟ್ರಿಮ್ ಎಷ್ಟಕ್ಕೆ ನಿಲ್ಲಿಸಬೇಕೆಂದು ಹೇಗೆ ಗೊತ್ತಾಯಿತು?"