ಹಳೆ ಹಾರ್ಮೋನಿಯಂ ಹಿಡಿದು ಟೇಪಿನ ಶ್ರುತಿ ಕೂರಿಸಿದ್ದು

ಅಂತೂ ನಮ್ಮ ಮಂಡಳಿಯ ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಟೇಪುಗಳು ಸರಿಯಾದ ಶ್ರುತಿಯಲ್ಲಿ ಹಾರ್ಡ್ ಡಿಸ್ಕ್ ಸೇರಿದವು. ಆಗುವುದಿಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಟೇಪು ಓದುವ ಹೆಡ್ ಒರೆಸುವುದು, ದನಿಯ ಲೆವೆಲ್ ಇಡುವುದು ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಲು ಟೇಪುಗಳ ಜಾತಕ. 1980ರ ದಶಕದ ಕೊನೆ, 1990ರ ದಶಕದ ಶುರುವಿನವು. ಮುಂಬೈಯಲ್ಲಿ ಹೋಟೆಲ್ ಶಟರ್ ಇಳಿದ ಮೇಲೆ ಕೂತು ಬೆಳಗಿನ ತನಕ ನಡೆದ ಕೂಟಗಳು. ಹೆಚ್ಚಿನವು ಸಿ-90, ಅಂದರೆ ಎರಡೂ ಬದಿ ಸೇರಿ 90 ನಿಮಿಷದ ಸಾದಾ ಟೇಪು. ಮೋನೋ ಟೂ-ಇನ್-ಒನ್‌ನಲ್ಲಿ (ರೇಡಿಯೋ, ಕ್ಯಾಸೆಟ್ ಎರಡೂ ಇರುವ ಪೆಟ್ಟಿಗೆ) ಹಿಡಿದದ್ದು. ಅದೂ ಸೆಲ್ ಹಾಕಿ, ಯಾಕೆಂದರೆ ಇದ್ದ ಒಂದು ಪ್ಲಗ್ ಮೈಕ್ ಸೆಟ್‌ಗೆ ಹೋಗಿತ್ತು.

ಕಷ್ಟವೆಲ್ಲ ಆ ಸೆಲ್ಲಿನದ್ದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ರಾತ್ರಿ ಕಳೆದಂತೆ ಸೆಲ್ ಇಳಿಯುತ್ತದೆ, ಮೋಟಾರ್ ನಿಧಾನವಾಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಒಳ್ಳೆ ಡೆಕ್‌ನಲ್ಲಿ ಹಾಕಿದರೆ ಶ್ರುತಿ ಏರುತ್ತದೆ. ಮೊದಲ ಕ್ಯಾಸೆಟ್ಟಿನಲ್ಲಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕೀಲಿ) ಇದ್ದದ್ದು ಬೆಳಗಿನ ಜಾವಕ್ಕೆ ಮುಂದಿನ ಮನೆ ಬಿಳಿ ಎರಡರ ಹತ್ತಿರ ಹೋಗಿ ನಿಂತಿತ್ತು. ಪಾತ್ರಗಳ ಮಾತಾಡುವ ಅರ್ಥಧಾರಿಗಳ ದನಿ ಕೀರಲಾಗಿತ್ತು. ಮಂಡಳಿಯ ಹಿರಿಯ ಮದ್ದಳೆಗಾರರ ಹತ್ತಿರ ಹೇಳಿದರೆ, "ಭಾಗವತರೇ ಶ್ರುತಿ ಏರಿಸಿದ್ದು ಮಾರಾಯಾ, ನೀನು ಎಂತ ರಿಪೇರಿ ಮಾಡುದು?" ಅಂದರು.

ಹಾಡುವ ಭಾಗವತರು ಏರಿಸಿದ್ದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು, ಅಲ್ವಾ? ಹಾರ್ಮೋನಿಯಂನಲ್ಲಿ ಎರಡು ಮನೆಗಳ ನಡುವೆ ಜಾಗ ಇಲ್ಲ. ಇಲ್ಲಿ ಶ್ರುತಿ ಜಾರುತ್ತಾ ಜಾರುತ್ತಾ ಏರುತ್ತಿತ್ತು. ಅದು ಭಾಗವತರ ಕೆಲಸವಲ್ಲ.

ಮೊದಲು ಅಂಧೇರಿಯ ಒಂದು ಸ್ಟುಡಿಯೋಗೆ ಕೊಟ್ಟೆವು. ಕ್ಯಾಸೆಟ್ಟಿಗೆ ಮುನ್ನೂರೈವತ್ತೋ ಏನೋ. ಅವರು ಗುಂಯ್ ಸದ್ದು ತೆಗೆದು ಕ್ಲೀನ್ ಮಾಡಿ ಕೊಟ್ಟರು. ಸದ್ದಿನ ಜೊತೆ ಚಕ್ರತಾಳದ, ಅಂದರೆ ದೊಡ್ಡ ತಾಳದ, ಮೊಳಗೂ ಹೋಗಿತ್ತು. ಚೆಂಡೆಯ ಪೆಟ್ಟು ಮೊಂಡಾಗಿತ್ತು. ಶ್ರುತಿಯ ತಪ್ಪು ಇದ್ದಲ್ಲೇ ಇತ್ತು. "ಅಂಕಲ್, ಅನಲಾಗ್ ಅಂದ್ರೆ ಹೀಗೇ" ಎಂದ ಹುಡುಗ. ಇನ್ನೊಬ್ಬ ಗೆಳೆಯನದು ಉಲ್ಟಾ ವಾದ. ಡಿಜಿಟಲ್ ಮಾಡಿದ ಕೂಡಲೇ ಜೀವ ಹೋಗುತ್ತದೆ, ಟೇಪನ್ನು ಟೇಪಿಗೇ ಕಾಪಿ ಮಾಡು ಅಂತ. ಟೇಪಿಂದ ಟೇಪಿಗೆ ಹೋದರೆ ಪ್ರತಿ ಸಲವೂ ಗುಂಯ್ ಕೂಡುತ್ತದೆ, ವೇಗದ ತಪ್ಪೂ ಕೂಡುತ್ತದೆ. ಆ ಮಾತು ಅಲ್ಲಿಗೇ ಬಿಟ್ಟೆ.

ನನ್ನ ಲೆಕ್ಕ ಸರಳ. ಸಾದಾ ಕ್ಯಾಸೆಟ್ಟಿನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನದಕ್ಕೂ ಸಿಗುವುದು 50ರಿಂದ 55 ಡೆಸಿಬೆಲ್ ಅಂತರ. ಸಿಡಿಯ 16 ಬಿಟ್ಟಿನಲ್ಲೇ 96ರ ಹತ್ತಿರ ಹಿಡಿಯುತ್ತದೆ. ನಾನು 24 ಬಿಟ್, 96 ಕಿಲೋಹರ್ಟ್ಸ್ ಇಟ್ಟದ್ದು ಮುಂದೆ ವೇಗ ತಿದ್ದುವಾಗ ಜಾಗ ಇರಲಿ ಅಂತ. ಪಾತ್ರೆ ದೊಡ್ಡದಾದರೆ ಹಾಲು ಗಟ್ಟಿಯಾಗುತ್ತದಾ? ಗುಣ ಬರುವುದು ಡೆಕ್ಕಿನಲ್ಲೇ.

ಡೆಕ್ ಚೋರ್ ಬಜಾರ್‌ನಲ್ಲಿ ಸಿಕ್ಕಿತು. ಹನ್ನೆರಡು ಸಾವಿರ ಹೇಳಿ ಎಂಟೂವರೆಗೆ ಇಳಿದ. ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬೆಲ್ಟಿಗೆ ಇನ್ನೂರು ಚಿಲ್ಲರೆ, ಟೇಪು ಎಳೆಯುವ ಪಿಂಚ್ ರೋಲರ್ ಹುಡುಕುವಷ್ಟರಲ್ಲಿ ಎರಡು ಸಾವಿರ ಹೋಯಿತು. ಮೆಕ್ಯಾನಿಕ್ ಕೂಲಿ ಬೇರೆ. ದನಿಯನ್ನು ಕಂಪ್ಯೂಟರಿಗೆ ಇಳಿಸುವ ಇಂಟರ್‌ಫೇಸ್ ಸೇರಿ ಒಟ್ಟು ಇಪ್ಪತ್ತೈದು ಸಾವಿರ ದಾಟಿತು. ಮಂಡಳಿ ಅರ್ಧ ಕೊಟ್ಟಿತು, ಉಳಿದದ್ದು ನನ್ನ ಕೈಯಿಂದ. ಮನೆಯಲ್ಲಿ ಈ ಅಂಕಿ ಹೇಳಿಲ್ಲ.

ಮುಂಬೈ ಮಳೆಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬಂದಿತ್ತು. ಅಂಥದ್ದನ್ನು ಒಳ್ಳೆ ಡೆಕ್ಕಿಗೆ ಹಾಕಲೇಬೇಡಿ. ಮಾಸ್ಕ್ ಹಾಕಿಕೊಂಡು, ಒಣ ಮೆತ್ತನೆ ಬ್ರಷ್‌ನಿಂದ ಒರೆಸಿ, ಒಂದು ಹಾಳು ಪ್ಲೇಯರಿನಲ್ಲಿ ಪೂರ್ತಿ ಸುತ್ತಿಸಿದ ಮೇಲೆ ಸ್ಕ್ರೂ ಇರುವ ಹೊಸ ಶೆಲ್ಲಿಗೆ (ಕ್ಯಾಸೆಟ್ಟಿನ ಹೊರಕವಚ) ವರ್ಗಾಯಿಸಿದೆ. ಟೇಪನ್ನು ಹೆಡ್ಡಿಗೆ ಒತ್ತುವ ಪ್ಯಾಡ್ ಉದುರಿದವಕ್ಕೂ ಅದೇ ಮದ್ದು.

ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ ಕೂರುವ ಕೋನ. ಟೂ-ಇನ್-ಒನ್ ಹೆಡ್ ಓರೆ ಇದ್ದರೆ ಟೇಪಿನಲ್ಲೂ ಓರೆಯಾಗಿಯೇ ಕೂತಿರುತ್ತದೆ. ಸ್ಕ್ರೂ ಮುಟ್ಟಬೇಡ ಅಂತ ಎಲ್ಲರೂ ಹೆದರಿಸಿದರು. ನಾನು ಪ್ರತಿ ಕ್ಯಾಸೆಟ್ಟಿಗೆ, ಪ್ರತಿ ಬದಿಗೆ ತಿರುಗಿಸಿದೆ. ಮೋನೋ ಟೇಪನ್ನು ಸ್ಟೀರಿಯೋ ಡೆಕ್‌ನಲ್ಲಿ ಹಾಕಿ, ಒಂದು ಚಾನೆಲ್ ಉಲ್ಟಾ ಮಾಡಿ ಎರಡನ್ನೂ ಕೂಡಿಸಿ. ಸದ್ದು ಎಲ್ಲಿ ಅತಿ ಕಡಿಮೆಯಾಗುತ್ತದೋ ಅಲ್ಲಿ ಸ್ಕ್ರೂ ನಿಲ್ಲಿಸಿ. ಉಲ್ಟಾ ತೆಗೆದರೆ ಚಕ್ರತಾಳ ಎದುರಿಗೆ ಬಂದು ಕೂರುತ್ತದೆ. ರೆಕಾರ್ಡಿಂಗಿಗೆ ಕರೆಂಟಿನ ಸದ್ದು ಸೇರದ ಹಾಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಫ್ರಿಜ್ ಬಂದ್ ಮಾಡಿ. ಡೊಂಬಿವಲಿಯ ಒನ್ ರೂಮ್ ಕಿಚನ್‌ನಲ್ಲಿ ಇದಕ್ಕೆ ನಡೆಯುವ ಜಗಳ ಬೇರೆ ಕಥೆ.

ಇನ್ನು ಶ್ರುತಿ. ಮೊದಲು ಕರೆಂಟಿನ ಹಮ್ (ಸಣ್ಣ ಗುನುಗು) ಹಿಡಿದು ನೋಡಿದೆ. ಮೈಕ್ ಸೆಟ್‌ನ 50 ಹರ್ಟ್ಸ್, ಅದರ ದುಪ್ಪಟ್ಟು 100, ಎರಡೂ ಟೇಪಿನಲ್ಲಿದ್ದವು. ಹಮ್ 52 ತೋರಿಸಿದರೆ ಟೇಪಿನ ವೇಗ ನೂರಕ್ಕೆ 4ರಷ್ಟು ಜಾಸ್ತಿ. ಚೆನ್ನಾಗಿದೆ ಅನಿಸಿತು. ಆದರೆ ಆ ಕಾಲದ ನಮ್ಮ ಕರೆಂಟಿನ ಗ್ರಿಡ್ 50ರಲ್ಲಿ ನಿಂತಿದ್ದೇ ಕಡಿಮೆ. ಒಂದು ಹರ್ಟ್ಸ್ ಕೆಳಗಿದ್ದರೆ 2 ಪರ್ಸೆಂಟ್ ತಪ್ಪು. ಒಂದು ಮನೆ ಅಂದರೆ ಸುಮಾರು 6 ಪರ್ಸೆಂಟ್, ಅಂದರೆ ಮನೆಯ ಮೂರನೇ ಒಂದು ಪಾಲು ಹಾಳು. ಹಮ್ ನಂಬಿ ತಿದ್ದಿದ ಫೈಲುಗಳನ್ನೆಲ್ಲ ಅಳಿಸಬೇಕಾಯಿತು.

ಆಗ ಹೊಳೆದದ್ದು ಹಾರ್ಮೋನಿಯಂ. ಆ ಕೂಟಗಳಲ್ಲಿ ಶ್ರುತಿಗೆ ಇಟ್ಟ ಪೆಟ್ಟಿಗೆ ಮಂಡಳಿಯ ಅಟ್ಟದಲ್ಲೇ ಇತ್ತು. ಹಿತ್ತಾಳೆ ರೀಡು ಅಷ್ಟು ಬೇಗ ಬದಲಾಗುವುದಿಲ್ಲ. ಇಳಿಸಿ, ಧೂಳು ಹೊಡೆದು, ಒಂದೊಂದು ಮನೆಯನ್ನೂ ಫೋನಿನ ಟ್ಯೂನರಿನಲ್ಲಿ ಅಳೆದೆ. ಪೆಟ್ಟಿಗೆ ಈಗಿನ 440 ಹರ್ಟ್ಸ್ ಅಳತೆಗಿಂತ 20 ಸೆಂಟ್, ಅಂದರೆ ಮನೆಯ ಐದನೇ ಒಂದು ಪಾಲು, ಮೇಲಿತ್ತು. ಅದನ್ನೇ ಪ್ರಮಾಣ ಮಾಡಿಕೊಂಡೆ. ಮೊದಲ ಕ್ಯಾಸೆಟ್ಟಿನಿಂದ ಶುರು ಮಾಡಿ, ಐದೈದು ನಿಮಿಷಕ್ಕೊಂದು ಗುರುತು ಹಾಕಿ, ಸೆಲ್ ಇಳಿದಂತೆ ಶ್ರುತಿ ಏರಿದ ಗೆರೆಯನ್ನು ಬರೆದೆ. ಮಧ್ಯರಾತ್ರಿ ಯಾರೋ ಸೆಲ್ ಬದಲಿಸಿದ್ದಾರೆ. ಅಲ್ಲಿ ಗೆರೆ ಧಡಕ್ಕನೆ ಬಿದ್ದಿತು. ಮನೆ ಯಾವುದು ಅಂತ ಅನುಮಾನ ಬಂದಲ್ಲಿ ಹಮ್ ಸಾಕ್ಷಿ ಹೇಳಿತು. ಹಮ್ ದಪ್ಪ ಲೆಕ್ಕಕ್ಕೆ, ಹಾರ್ಮೋನಿಯಂ ಸಣ್ಣ ಲೆಕ್ಕಕ್ಕೆ.

ತಿದ್ದುವಾಗ ಬರೀ ಪಿಚ್ ಇಳಿಸಬೇಡಿ, ವೇಗವನ್ನೇ ಇಳಿಸಿ. ಬೆಳಗಿನ ಕ್ಯಾಸೆಟ್ಟಿನ 45 ನಿಮಿಷದ ಬದಿ 47ಕ್ಕೆ ಹಿಗ್ಗಿತು. ಚೆಂಡೆ ಜೋರಾಗಿ ಬಡಿದ ಕೂಡಲೇ ಹಾರ್ಮೋನಿಯಂ ಕೇಳದೆ ಹೋಗುವ ಕಡೆ ಶ್ರುತಿ ಎಲ್ಲಿಂದ ತೆಗೆದೆ ಅನ್ನುವುದು ನನ್ನ ಗುಟ್ಟು. ಇನ್ನೂ ಕೆಲವು ಪೆಟ್ಟಿಗೆ ಟೇಪು ಮುಗಿಯಲಿ, ಆಮೇಲೆ ಹೇಳುತ್ತೇನೆ.

ನಡುವೆ ಒಂದು ಹುಚ್ಚು. ಟೇಪಿನ ಬಯಾಸ್ ಸಿಗ್ನಲ್ (ರೆಕಾರ್ಡ್ ಮಾಡುವಾಗ ದನಿಯ ಜೊತೆ ಕೂಡಿಸುವ, ಕಿವಿಗೆ ಕೇಳದ ಸಿಗ್ನಲ್) ಹಿಡಿದು ಅದರಿಂದಲೇ ವೇಗ ತಿದ್ದಬಹುದಾ ಅಂತ 192 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದೆ. ಅದರಲ್ಲಿ ಹಿಡಿಯುವುದು 96ರ ತನಕ, ಬಯಾಸ್ ಅದಕ್ಕಿಂತ ಮೇಲೂ ಇರಬಹುದು. ಡೆಕ್ಕಿನ ಹೆಡ್ಡಿಗೂ ಅಷ್ಟು ಮೇಲಿನದು ದಕ್ಕುವುದಿಲ್ಲ. ಅಗ್ಗದ ಟೂ-ಇನ್-ಒನ್‌ಗಳಲ್ಲಿ ಕೆಲವು ಡಿಸಿ ಬಯಾಸ್ ಬೇರೆ, ಅದರಲ್ಲಿ ಹಿಡಿಯಲು ಕಂಪನವೇ ಇರುವುದಿಲ್ಲ. ಡಿಸ್ಕ್ ತುಂಬಿದ್ದಷ್ಟೇ ಲಾಭ.

ಕಡೆಗೆ ಆ ಮದ್ದಳೆಗಾರರನ್ನೇ ಕರೆದೆ. ಮದ್ದಳೆ ತನ್ನಿ, ಕಪ್ಪು ಒಂದಕ್ಕೆ ಕೂರಿಸಿ, ಟೇಪಿನ ಜೊತೆ ನುಡಿಸಿ ಅಂದೆ. ರಾತ್ರಿಯ ಮೊದಲ ಕ್ಯಾಸೆಟ್ ಹಾಕಿದೆ, ನಡುವಿನದ್ದು ಹಾಕಿದೆ, ಮಂಗಳದ್ದೂ ಹಾಕಿದೆ. ಎಲ್ಲಿಯೂ ಅವರು ಮದ್ದಳೆ ತಿದ್ದಬೇಕಾಗಿ ಬರಲಿಲ್ಲ. "ಹೌದು ಮಾರಾಯಾ, ಕೂತಿದೆ" ಎಂದರು. ಒಂದು ಕಾಪಿ ಪೆನ್ ಡ್ರೈವ್‌ಗೆ ಹಾಕಿಸಿಕೊಂಡೇ ಹೋದರು.

ಈಗ ಪುಣೆಯ ಒಂದು ಮಂಡಳಿಯವರು ಟೇಪಿನ ಪೆಟ್ಟಿಗೆ ಕಳಿಸಿದ್ದಾರೆ. ಅರ್ಧಕ್ಕರ್ಧ ಸಿ-120, ಟೇಪು ತೆಳ್ಳಗೆ, ಮುಟ್ಟಿದರೆ ಸಿಕ್ಕಾಗುತ್ತದೆ. ಅದಕ್ಕಿಂತ ದೊಡ್ಡ ಸಂಕಟ, ಹಾರ್ಮೋನಿಯಂ ಮಾರಿಬಿಟ್ಟಿದ್ದಾರೆ. ಕೊಂಡವರು ಹಡಪ್ಸರ್ ಕಡೆ ಇದ್ದಾರಂತೆ. ನಂಬರ್ ಹುಡುಕುತ್ತಿದ್ದೇವೆ.